ಹೆಸರು ಹೇಳುವವಳು

ಮತದಾನದ ದಿನ ಗೋಕಾಕದ ಸಾಲಿಯ ಬಾಗಿಲಲ್ಲಿ ನಿಂತು ಪಾರವ್ವ ಬೆಳಗಿನಿಂದ ಮಂದಿಯ ಗಂಡಂದಿರ ಹೆಸರು ಹೇಳುತ್ತಿದ್ದಳು.

ಗಂಡನ ಹೆಸರನ್ನು ಬಾಯಲ್ಲಿ ತರುವ ಹೆಂಗಸು ಆ ಸೀಮೆಯಲ್ಲಿ ಇರಲಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಒಡಪು ಕಟ್ಟಿ, ಪದ್ಯದೊಳಗೆ ಹೆಸರಿಟ್ಟು ಒಮ್ಮೆ ಹೇಳಿದರೆ ಮುಗಿಯಿತು. ಹಿಂದಿನ ಚುನಾವಣೆಯಲ್ಲಿ ಅಧಿಕಾರಿ "ಯಾರ ಹೆಂಡತಿ?" ಎಂದು ಕೇಳಿದಾಗ ಎಷ್ಟೋ ಜನ ಸೆರಗು ಬಾಯಿಗಿಟ್ಟುಕೊಂಡು, ಮತ ಹಾಕದೆ ತಿರುಗಿ ಹೋಗಿದ್ದರು. ಆಗ ಗೆದ್ದಿದ್ದವನು ಪಾರವ್ವನ ಗಂಡ ವೀರಪ್ಪ. ಮುಂಬೈ ಅಸೆಂಬ್ಲಿಯಲ್ಲಿ ಸರಿಯಾಗಿ ಕೂಡುವ ಮೊದಲೇ ವಿಷಮಜ್ವರದಲ್ಲಿ ಹೋದ. ತೆರವಾದ ಆ ಜಾಗಕ್ಕೆ ಈಗ ಅವನ ತಮ್ಮ ದುಂಡಪ್ಪ ನಿಂತಿದ್ದ.

"ವೈನಿ, ಬಾಗಲದಾಗ ನಿಂತು ನೀವ ಹೆಸರ ಹೇಳ್ರಿ. ಹೆಂಗಸರ ಮತ ಎಲ್ಲಾ ನಮ್ಮವ; ನಿಮಗೊಬ್ಬರಿಗೆ ಸಾಹೇಬರ ಕಡಿಂದ ಪರವಾನಗಿ ತಂದೇನಿ," ಎಂದಿದ್ದ.

"ಬಾಳವ್ವನ್ನ ಆ ಲಗಮಣ್ಣಗ ಕೊಡೂದಿಲ್ಲಂತ ಮಾತ ಕೊಡು."

ಹುಕ್ಕೇರಿಯ ಲಗಮಣ್ಣ ಹೆಂಡತಿ ಸತ್ತವನು, ವೀರಪ್ಪನಿಗಿಂತ ಹಿರಿಯ. ಸುತ್ತಲ ಹಳ್ಳಿಗಳ ಮತಗಳು ಅವನ ಕಣ್ಣಸನ್ನೆಯಲ್ಲಿದ್ದವು. ಪಾರವ್ವನ ಮಗಳು ಬಾಳವ್ವ ಇನ್ನೂ ಸಾಲಿಗೆ ಹೋಗುತ್ತಿದ್ದಳು.

"ಅಣ್ಣನ ಆಣಿ, ಕೊಡೂದಿಲ್ಲ," ಎಂದ ದುಂಡಪ್ಪ.

ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ಕರೆವ್ವ ಬಂದಳು. ಗೋಕಾಕಕ್ಕೆ ಕೊಟ್ಟಿದ್ದ ಲಗಮಣ್ಣನ ತಂಗಿ.

"ಏನ ಬೀಗತಿ, ಗಂಟಲ ಒಣಗೇತೇನ? ಮದವಿಗೆ ಒಂದೀಟ ಉಳಿಸಿಕೋವಾ!"

"ಯಾರ ಮದವಿ?"

"ಅಯ್ಯ, ನಾಟಕ ನೋಡ್ರಿ ಈಕಿದು! ಸೋಮವಾರ ನಿಮ್ಮ ಮೈದುನ ಬಂದು ಎಲ್ಲಾ ಗಟ್ಟಿ ಮಾಡಿ ಹೋಗ್ಯಾನ. ನಮ್ಮಣ್ಣ ಹೊಸಾ ಪಟಗಾ ಸುತ್ತಿಕೊಂಡು ಕನ್ನಡಿ ಬಿಟ್ಟ ಏಳವಲ್ಲ."

ಹೆಂಗಸರು ನಕ್ಕರು. ಸತ್ತವನ ಮೇಲಿನ ಆಣೆ ಪಾರವ್ವನ ಕಿವಿಯಲ್ಲಿ ಇನ್ನೂ ಆರಿರಲಿಲ್ಲ.

"ಈಕಿ ಯಾರ ಹೆಂಡತಿ?" ಒಳಗಿನಿಂದ ಅಧಿಕಾರಿ ಕೇಳಿದ.

ಕರೆವ್ವನ ಗಂಡನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಪಾರವ್ವ ಅದನ್ನು ನುಂಗಿದಳು. ಮುಂದಿನವಳದನ್ನೂ, ಅವಳ ಹಿಂದಿನವಳದನ್ನೂ. ಒಬ್ಬೊಬ್ಬರೇ ಸೆರಗು ಬಾಯಿಗಿಟ್ಟುಕೊಂಡು ತಿರುಗಿದರು.

ದುಂಡಪ್ಪ ಓಡಿಬಂದ. ಪೊಲೀಸರು ತಡೆದರು. ಹೊರಗಿನಿಂದಲೇ ಕೂಗಿದ: "ವೈನಿ, ಮನಿತನ ಮುಳಗತೈತಿ, ಹೇಳ್ರಿ!"

"ಮುಳಗಲಿ."

ದುಂಡಪ್ಪ ಸೋತ. ಸಂಕೇಶ್ವರದ ವ್ಯಾಪಾರಿಯೊಬ್ಬ ಗೆದ್ದ. ಇನ್ನು ಸಂಬಂಧವೂ ಮುರಿದೀತು ಎಂದು ಪಾರವ್ವ ನಂಬಿದ್ದಳು. ಆದರೆ ಲಗಮಣ್ಣನಿಗೆ ಬೇಕಾದದ್ದು ಅಸೆಂಬ್ಲಿಯಲ್ಲ, ಹುಡುಗಿ. ದುಂಡಪ್ಪನಿಗೂ ಈಗ ವೈನಿಯ ಮೇಲೆ ಸೇಡಿತ್ತು; ಮದುವೆ ಮಾಡಿಯೇ ಬಿಟ್ಟ.

ಹುಕ್ಕೇರಿಯ ಮನೆಯ ಹೊಸ್ತಿಲಲ್ಲಿ ಹೆಂಗಸರು ಮದುಮಗಳನ್ನು ತಡೆದರು. ವಿಧವೆಯಾದ ಪಾರವ್ವ ದೂರ, ದನದ ಕೊಟ್ಟಿಗೆಯ ಮಗ್ಗುಲಿಗೆ ನಿಂತಿದ್ದಳು.

"ಹೆಸರ ಹೇಳದ ಒಳಗ ಬಿಡೂದಿಲ್ಲವಾ," ಎಂದಳು ಕರೆವ್ವ.

ಬಾಳವ್ವ ಎಲ್ಲರ ತಲೆಗಳ ಮೇಲಿಂದ ತಾಯಿಯನ್ನು ಹುಡುಕಿ ನೋಡಿದಳು. ಆಮೇಲೆ ತುಟಿ ಬಿಗಿದಳು.

"ನಾಚತಾಳ, ನಾಚತಾಳ!"

ನಗೆ ಒಂದಿಷ್ಟು ಹೊತ್ತು ನಡೆಯಿತು. ಬರಬರುತ್ತ ನಿಂತಿತು. ಲಗಮಣ್ಣ ಕೆಮ್ಮಿದ.

"ಬೀಗತಿ, ಊರ ಮಂದಿ ಹೆಸರ ಹೇಳಿದಾಕಿ ನೀನು. ಮಗಳಿಗಿಷ್ಟ ಹೇಳಿಕೊಡ!" ಕರೆವ್ವ ಕೂಗಿದಳು.

ಪಾರವ್ವ ಬಾಯಿ ತೆರೆಯಲಿಲ್ಲ. ಮಗಳೂ ತೆರೆಯಲಿಲ್ಲ.

ಕಡೆಗೆ ಇಬ್ಬರು ಹೆಂಗಸರು ಬಾಳವ್ವನ ರಟ್ಟೆ ಹಿಡಿದು ಒಳಗೆಳೆದರು. ಎಳೆತಕ್ಕೆ ಹೊಸ್ತಿಲ ಮೇಲಿನ ಅಕ್ಕಿಯ ಸೇರು ಅವಳ ಪಾದಕ್ಕೆ ಬಡಿದು ಉರುಳಿತು. ಶಾಸ್ತ್ರ ಆಯಿತು ಎಂದು ಯಾರೋ ಅಂದರು.