ಇವರು ನಿನಗೇನಾಗಬೇಕು?

ಗುಬ್ಬಿಗೆ ಓದಲು ಬಂದದ್ದೇ ಈ ಎಲ್ಲ ಫಜೀತಿಗೆ ಕಾರಣವಾಯಿತು. ಎರಡನೇ ತರಗತಿಗೆ ಹೋದದ್ದೇ ತಡ, ಅಂಗಡಿ ಬೋರ್ಡು, ಔಷಧದ ಡಬ್ಬಿ, ಬಸ್ಸಿನ ಹಣೆಬರಹ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ ಅವಳಿಗೆ ಹತ್ತಿಕೊಂಡಿತ್ತು. ಮಕ್ಕಳ ಉಚಿತ ಚಿಕಿತ್ಸಾ ಯೋಜನೆಯ ಅರ್ಜಿಯನ್ನು ಟೈಲರಮ್ಮ ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟು ತುಂಬುವಾಗಲೂ ಅಷ್ಟೇ. ಅವಳ ಹೆಗಲ ಮೇಲೆ ಗದ್ದ ಊರಿಕೊಂಡು ಒಂದೊಂದು ಸಾಲನ್ನೂ ಓದುತ್ತ ನಿಂತಳು. ‘ಅರ್ಜಿದಾರರಿಗೂ ಮಗುವಿಗೂ ಇರುವ ಸಂಬಂಧ’ ಎಂಬಲ್ಲಿಗೆ ಬಂದಾಗ ಟೈಲರಮ್ಮನ ಪೆನ್ನು ನಿಂತಿತು.

“ಮಗಳು ಅಂತ ಬರಿಯಮ್ಮ. ಅಷ್ಟೂ ಗೊತ್ತಾಗಲ್ವಾ ನಿಂಗೆ?” ಎಂದು ಗುಬ್ಬಿ ನಕ್ಕಳು.

ಟೈಲರಮ್ಮ ಹಾಗೇ ಬರೆದಳು. ಬರೆದದ್ದು ಸುಳ್ಳು ಎಂದು ಅವಳಿಗೆ ಅನ್ನಿಸಲೂ ಇಲ್ಲ. ತಂಗಿಯ ಮಗಳು ಮಗಳಲ್ಲದೆ ಇನ್ನೇನು? ಯಾರನ್ನು ಬೇಕಾದರೂ ಕೇಳಿ. ಹೆತ್ತ ಮೂರನೇ ದಿನಕ್ಕೆ ತಂಗಿ ಕಣ್ಣು ಮುಚ್ಚಿದಳು. ಅಪ್ಪ ಎನಿಸಿಕೊಂಡವನು ಬಸ್ಸು ಹತ್ತಿದವನು ಮತ್ತೆ ಮುಖ ತೋರಿಸಲಿಲ್ಲ. ಆ ಹಸಿ ಕೂಸನ್ನು ಮಡಿಲಿಗೆ ಹಾಕಿಕೊಂಡು, ಮದುವೆ ಗಿದುವೆ ಎಲ್ಲ ಮರೆತು ಏಳು ವರ್ಷ ಸಾಕಿದವಳು ಇವಳು. ಹತ್ತು ತುಂಬಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಬೀದಿಯವರ ಬಾಯಿಗೆಲ್ಲ ಬೀಗ ಹಾಕಿಸಿದ್ದಳು. ಮನೆಯ ಗೋಡೆಯ ಮೇಲೆ ಎರಡು ಜಡೆಯ ಹುಡುಗಿಯ ಫೋಟೋ ಇತ್ತು. ಅದು ಯಾರು ಎಂದರೆ ‘ಚಿಕ್ಕಮ್ಮ’ ಎಂದು ಕಲಿಸಿದ್ದಳು. ದೊಡ್ಡವರನ್ನು ‘ನೀವು’ ಎನ್ನಬೇಕೆಂದೂ ಕಿವಿ ಹಿಂಡಿ ಕಲಿಸಿದ್ದಳು. ಹೊಲಿಯಲು ಕೊಡುವ ಗಿರಾಕಿಗೂ ನೀವು, ಡಾಕ್ಟರಿಗೂ ನೀವು, ಫೋಟೋದ ಚಿಕ್ಕಮ್ಮನಿಗೂ ನೀವು. ‘ನೀನು’ ಎನ್ನುವ ಸಲಿಗೆ ಇದ್ದದ್ದು ಅಮ್ಮನೊಬ್ಬಳ ಹತ್ತಿರವೇ.

ಗುಬ್ಬಿಯ ಹೃದಯದಲ್ಲೊಂದು ತೂತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಗಟ್ಟುತ್ತಿತ್ತು. ದಿನವಿಡೀ ಊರವರ ಬಟ್ಟೆಯ ತೂತಿಗೆ ತೇಪೆ ಹಾಕುವ ತನಗೆ ಇದೊಂದನ್ನು ಮುಚ್ಚಲಾಗಲಿಲ್ಲವಲ್ಲ ಎಂದು ಟೈಲರಮ್ಮ ಎಷ್ಟೋ ಸಲ ಅತ್ತಿದ್ದಳು. ಈ ತಿಂಗಳು ದಾಟಿಸಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಪರೇಷನ್ನು ನಾಳೆ ಬೆಳಿಗ್ಗೆ ಎಂಟಕ್ಕೆ ಇತ್ತು. ಗುಬ್ಬಿಯನ್ನು ಎರಡನೇ ಮಹಡಿಯ ವಾರ್ಡಿಗೆ ಸೇರಿಸಿ, ಮಂಚಕ್ಕೆ ನಂಬರೂ ಬಿದ್ದಾಗಿತ್ತು. ಯೋಜನೆಯ ಕಚೇರಿಯಿಂದ ಬುಲಾವ್ ಬಂದದ್ದು ಮಧ್ಯಾಹ್ನ ಮೂರಕ್ಕೆ.

ಕಚೇರಿ ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲೇ ಇತ್ತು. ಗುಬ್ಬಿಯನ್ನೂ ವಾರ್ಡಿನಿಂದ ಕರೆತಂದು ಹೊರಗಿನ ಬೆಂಚಿನ ಮೇಲೆ ಕೂರಿಸಿ ಟೈಲರಮ್ಮ ಒಳಗೆ ಹೋದಳು. ಬೆಳಿಗ್ಗೆ ಅಂಗಡಿಯಿಂದ ಹಾಗೇ ಓಡಿಬಂದಿದ್ದವಳ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಗುಮಾಸ್ತ ಕಂಪ್ಯೂಟರನ್ನೂ ಅವಳನ್ನೂ ನೋಡಿ, ಅರ್ಜಿ ತಿರಸ್ಕಾರವಾಗಿದೆ ಎಂದ. ಅರ್ಜಿಯಲ್ಲಿ ಮಗಳು ಎಂದಿದೆ, ಜನನ ಪತ್ರದಲ್ಲಿ ತಾಯಿಯ ಹೆಸರು ಬೇರೆ ಇದೆ. ಹೋದ ತಿಂಗಳು ಯಾರೋ ಪಕ್ಕದ ಮನೆಯ ಮಗುವನ್ನು ತಮ್ಮದೆಂದು ಬರೆಸಿ ಸಿಕ್ಕಿಬಿದ್ದಿದ್ದರಂತೆ. ಅಂದಿನಿಂದ ಇಂಥವನ್ನೆಲ್ಲ ಹಿಂದಕ್ಕೆ ಕಳಿಸುತ್ತಿದ್ದಾರಂತೆ. ಇವತ್ತು ಒಪ್ಪಿಗೆ ಆಗದಿದ್ದರೆ ನಾಳೆಯ ಜಾಗ ಪಟ್ಟಿಯಲ್ಲಿ ಮುಂದಿರುವ ಮಗುವಿಗೆ ಹೋಗುತ್ತದೆ, ಇವರ ಸರದಿ ಮತ್ತೆ ಬರಲು ನಾಲ್ಕು ತಿಂಗಳು.

ಟೈಲರಮ್ಮ ಪ್ಲಾಸ್ಟಿಕ್ ಚೀಲದಿಂದ ತಂಗಿಯ ಮರಣ ಪತ್ರ, ತಾನೇ ಪಾಲಕಿ ಎಂದಿರುವ ಶಾಲೆಯ ಕಾಗದ, ಇದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದಳು. ಗುಮಾಸ್ತ ಒಂದೊಂದಾಗಿ ಓದಿ ಹಣೆ ಚಚ್ಚಿಕೊಂಡ.

“ತಾಯಿ ಇಲ್ಲದ ಮಗು ಅಂದ್ರೆ ಈ ಯೋಜನೇಲಿ ಎಲ್ಲರಿಗಿಂತ ಮೊದಲು ಕಣಮ್ಮ. ತಂಗಿ ಮಗಳು ಅಂತ ಬರೆದಿದ್ರೆ ನಿಮ್ಮನ್ನ ಯಾರೂ ಕರೀತಾನೇ ಇರ್ಲಿಲ್ಲ.”

ಅವನು ಕೊಟ್ಟ ಹೊಸ ಅರ್ಜಿಯಲ್ಲಿ ‘ತಂಗಿಯ ಮಗಳು’ ಎಂದು ಬರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ಹೊಲಿದರಾಯಿತು, ಇಷ್ಟೇ ತಾನೇ ಎಂದು ಅವಳು ಉಸಿರು ಬಿಟ್ಟಳು. ಅಷ್ಟಕ್ಕೇ ಮುಗಿಯಲಿಲ್ಲ. ತಿದ್ದಿದ ಅರ್ಜಿಯಾದ್ದರಿಂದ ಒಳಗಿನ ಮೇಡಂ ಮಗುವನ್ನೇ ಕೇಳುತ್ತಾರೆ ಎಂದ ಗುಮಾಸ್ತ. ಆರು ದಾಟಿದ ಮಕ್ಕಳಿಗೆಲ್ಲ ಅದೇ ನಿಯಮ. ಇವರು ನಿನಗೇನಾಗಬೇಕು ಎಂದು ಕೇಳುತ್ತಾರೆ. ಮಗುವಿನ ಮಾತೂ ಅರ್ಜಿಯೂ ತಾಳೆಯಾಗಬೇಕು. ದೊಡ್ಡವರು ಬಾಯಿ ಬಿಡುವ ಹಾಗಿಲ್ಲ, ಸನ್ನೆ ಮಾಡುವ ಹಾಗೂ ಇಲ್ಲ. ಮೇಡಂ ನಾಲ್ಕಕ್ಕೆ ಎದ್ದುಬಿಡುತ್ತಾರೆ.

ಗೋಡೆಯ ಗಡಿಯಾರದಲ್ಲಿ ಮೂರೂವರೆ ಆಗಿತ್ತು. ಮೂರು ವರ್ಷ ಮುಂದಕ್ಕೆ ಹಾಕಿಟ್ಟಿದ್ದ ಮಾತಿಗೆ ಈಗ ಉಳಿದದ್ದು ಅರ್ಧ ಗಂಟೆ.

ಹೊರಗೆ ಗುಬ್ಬಿ ಗೋಡೆಯ ಮೇಲಿನ ಸೂಚನೆಗಳನ್ನು ಓದುತ್ತಿದ್ದಳು. “ಇಲ್ಲಿ ಉಗುಳಬಾರದು. ಸಾಲಿನಲ್ಲಿ ನಿಲ್ಲಿ.” ಟೈಲರಮ್ಮ ಅವಳನ್ನು ಕಾರಿಡಾರಿನ ತುದಿಗೆ, ಕುಡಿಯುವ ನೀರಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಎದುರಿಗೆ ಕುಕ್ಕುರುಗಾಲಲ್ಲಿ ಕೂತಳು.

“ಒಳಗಡೆ ಮೇಡಂ ಒಂದು ಪ್ರಶ್ನೆ ಕೇಳ್ತಾರೆ. ಇವರು ನಿಂಗೇನಾಗಬೇಕು ಅಂತಾರೆ. ದೊಡ್ಡಮ್ಮ ಅಂದ್ಬಿಡು.”

“ಯಾರು ದೊಡ್ಡಮ್ಮ?”

“ನಾನು.”

ಗುಬ್ಬಿ ಕಣ್ಣು ಕಿರಿದು ಮಾಡಿದಳು. “ಸುಳ್ಳು ಹೇಳ್ಬೇಕಾ?”

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆ ಹೂಂ ಅವಳ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಸುಳ್ಳು ಹೇಳುವುದು ಗುಬ್ಬಿಯ ಜಾಯಮಾನವಲ್ಲ. ಮಾತ್ರೆಯನ್ನು ನಾಲಿಗೆಯ ಕೆಳಗೆ ಬಚ್ಚಿಟ್ಟು ನುಂಗಿದೆ ಎಂದರೆ ಕಿವಿಯವರೆಗೂ ಕೆಂಪಾಗುತ್ತಾಳೆ. ‘ಸುಳ್ಳುಬುರುಕಿ’ ಎಂದು ಟೈಲರಮ್ಮ ಗದರಿದೊಡನೆ ಉಗುಳಿಬಿಡುತ್ತಾಳೆ. ಮೇಡಂ ಎರಡನೇ ಪ್ರಶ್ನೆಗೇ ಹಿಡಿದುಹಾಕುತ್ತಾರೆ. ಅದಿರಲಿ, ಇದು ಸುಳ್ಳು ಎಂದು ಇವತ್ತು ಹೇಳಿಕೊಟ್ಟರೆ ನಿಜವನ್ನು ಮುಂದೆ ಯಾವ ಬಾಯಲ್ಲಿ ಹೇಳುವುದು? ಟೈಲರಮ್ಮ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಸುಳ್ಳಲ್ಲ ಕಂದ. ನಾನು ನಿನ್ನ ದೊಡ್ಡಮ್ಮಾನೇ.”

ಆಮೇಲೆ ತಡೆತಡೆದು ಎಲ್ಲವನ್ನೂ ಹೇಳಿದಳು. ತಂಗಿಯ ಜ್ವರ, ಆ ಮೂರು ದಿನ, ಟವೆಲ್ಲಿನಲ್ಲಿ ಸುತ್ತಿ ತಂದದ್ದು. ಹೇಳಬೇಕೆಂದು ಏಳು ವರ್ಷದಿಂದ ಜೋಡಿಸಿಟ್ಟಿದ್ದ ಒಳ್ಳೆಯ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಗುಬ್ಬಿ ನಲ್ಲಿಯಿಂದ ತೊಟ್ಟಿಕ್ಕುವ ನೀರನ್ನೇ ನೋಡುತ್ತ ಕೇಳಿದಳು.

“ಫೋಟೋದಲ್ಲಿರೋ ಚಿಕ್ಕಮ್ಮಾನಾ?”

“ಹೂಂ. ಅವಳೇ ನಿನ್ನಮ್ಮ.”

ಕೇಳಲಿ, ಅಳಲಿ, ಹೊಡೆಯಲಿ ಎಂದು ಟೈಲರಮ್ಮ ಕಾದಳು. ಅಷ್ಟರಲ್ಲಿ ಗುಮಾಸ್ತ ಬಾಗಿಲಿಗೆ ಬಂದು ಕರೆದ.

ಮೇಡಂ ಗುಬ್ಬಿಯನ್ನು ಎದುರಿಗೆ ಕೂರಿಸಿಕೊಂಡು, ಟೈಲರಮ್ಮನನ್ನು ಹಿಂದೆ ಗೋಡೆಯ ಹತ್ತಿರ ನಿಲ್ಲಿಸಿದರು. ಕೆಟ್ಟವರೇನಲ್ಲ, ಮುಖದಲ್ಲಿ ದಿನದ ಆಯಾಸವಿತ್ತು. ಯಾವ ಕ್ಲಾಸು, ಏನು ಇಷ್ಟ ಎಂದೆಲ್ಲ ಮಾತಾಡಿಸಿ ಕೊನೆಗೆ ಅದನ್ನೇ ಕೇಳಿದರು.

“ಇವರು ನಿನಗೇನಾಗಬೇಕು ಪುಟ್ಟಿ?”

ಫ್ಯಾನು ಕಿರಗುಟ್ಟುತ್ತಿತ್ತು. ಹಿಂದಿನಿಂದ ಟೈಲರಮ್ಮನಿಗೆ ಕಂಡದ್ದು ಬೆಳಿಗ್ಗೆ ತಾನೇ ಹಾಕಿದ್ದ ಜಡೆ, ಸ್ವಲ್ಪ ಸೊಟ್ಟಗಾದ ಬೈತಲೆ, ಅಷ್ಟೇ. ಅಮ್ಮ ಎಂದುಬಿಟ್ಟರೆ ನಾಳೆಯ ಆಪರೇಷನ್ನು ಹೋಯಿತು. ಆದರೂ ಅವಳ ಹಾಳು ಮನಸ್ಸಿನ ಒಂದು ಮೂಲೆ, ಅಮ್ಮ ಅನ್ನು, ಅಮ್ಮ ಅನ್ನು ಎಂದು ಬೇಡುತ್ತಿತ್ತು. ತನಗೆ ತಾನೇ ಶಾಪ ಹಾಕಿಕೊಂಡಳು. ಗುಬ್ಬಿ ತಿರುಗಿ ನೋಡಲು ಹೋದಳು. ಈ ಕಡೆ ನೋಡು ಎಂದು ಮೇಡಂ ಮೇಜು ತಟ್ಟಿದರು.

“ದೊಡ್ಡಮ್ಮ ಆಗಬೇಕು.”

“ಮತ್ತೆ ಅಮ್ಮ?”

“ಫೋಟೋದಲ್ಲಿದ್ದಾರೆ.”

ಮೇಡಂ ಒಂದು ಕ್ಷಣ ಪೆನ್ನು ಕೆಳಗಿಟ್ಟರು. ಆಮೇಲೆ ಸಹಿ ಹಾಕಿ, ಮೊಹರು ಒತ್ತಿ, ಕಾಗದವನ್ನು ಗುಬ್ಬಿಯ ಕೈಗೇ ಕೊಟ್ಟರು. ‘ಅರ್ಹ’ ಎಂದು ದೊಡ್ಡ ಕೆಂಪು ಅಕ್ಷರದಲ್ಲಿತ್ತು. ಗುಬ್ಬಿ ಅದನ್ನು ಓದಲಿಲ್ಲ.

ಲಿಫ್ಟಿನ ಮುಂದೆ ಎರಡು ಸ್ಟ್ರೆಚರುಗಳು ಕಾದಿದ್ದವು. ಕಾಗದ ಬೇಗ ವಾರ್ಡಿಗೆ ಮುಟ್ಟಲಿ ಎಂದು ಮೆಟ್ಟಿಲ ಕಡೆ ಹೊರಟರು. ಬೇರೆ ದಿನವಾಗಿದ್ದರೆ ಮೊದಲ ಮೆಟ್ಟಿಲಿಗೇ ‘ಎತ್ಕೋ’ ಎಂದು ತೋಳು ಚಾಚುತ್ತಿದ್ದವಳು ಇವತ್ತು ಕಂಬಿ ಹಿಡಿದು ತಾನೇ ಹತ್ತಿದಳು. ಐದನೆಯದರಲ್ಲಿ ತುಟಿ ನೀಲಿಯಾಯಿತು. ಟೈಲರಮ್ಮ ಕೈ ನೀಡಿದರೆ ಗುಬ್ಬಿ ಹಿಂದೆ ಸರಿದು, ನೆಲ ನೋಡುತ್ತ ಹೇಳಿದಳು.

“ಸುಸ್ತಾಗಿದೆ. ಎತ್ಕೊಳ್ತೀರಾ?”

ಟೈಲರಮ್ಮನಿಗೆ ಎದೆಗೇ ಕತ್ತರಿ ಹಾಕಿದಂತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ದೊಡ್ಡಮ್ಮ ಅಂತಾನೇ ಕರಿ, ಪರವಾಗಿಲ್ಲ. ಆದರೆ ನೀವು ಅನ್ನಬೇಡ ಗುಬ್ಬಿ. ಬೈದಾದರೂ ಸರಿ, ನೀನು ಅನ್ನು.”

ಗುಬ್ಬಿಯ ಏದುಸಿರಿನ ನಡುವೆ, ಅಷ್ಟು ಹೊತ್ತಿನಿಂದ ತಡೆದಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

“ನೀನು ಸುಳ್ಳುಬುರುಕಿ.”

“ಹೌದಮ್ಮಾ.”

“ದೊಡ್ಡ ಸುಳ್ಳುಬುರುಕಿ ನೀನು” ಎಂದು ಅಳುತ್ತಲೇ ಗುಬ್ಬಿ ಎರಡೂ ತೋಳು ಚಾಚಿದಳು. ಟೈಲರಮ್ಮ ಅವಳನ್ನು ಎತ್ತಿಕೊಂಡು ಉಳಿದ ಮೆಟ್ಟಿಲು ಹತ್ತಿದಳು.