ಹಾವು, ಮುತ್ತು, ಹೂಕುಂಡ

ನಮ್ಮ ಮನೆಗಳಲ್ಲಿ ಗಂಡ ತೀರಿ ವರ್ಷವಾದಾಗ ಚರ್ಚಿನಲ್ಲಿ ನಡೆಯುವ ಪೂಜೆಯ ದಿನ ಹೆಂಡತಿ ಕಪ್ಪು ಬಿಟ್ಟು ಬಣ್ಣದ ಸೀರೆ ಉಡಬೇಕು. ಗಂಡನ ಮನೆಯವರು ಒಂದು ಒಡವೆ ಕೊಡುತ್ತಾರೆ. ತೀರಿಹೋದ ನನ್ನ ಗಂಡ ಜೆಫ್ರಿಯ ಅಕ್ಕ ಜೋಯ್ಲಿನ್ ಹಸಿರು ಸೀರೆ, ಒಂದು ಪುಟ್ಟ ಪೆಟ್ಟಿಗೆ ಹಿಡಿದು ಜಿಂಜ್‌ನ ನಮ್ಮ ಫ್ಲ್ಯಾಟಿಗೆ ಬೆಳಿಗ್ಗೆಯೇ ಬಂದಳು. ನನಗೆ ಕಪ್ಪು ಬಿಡುವ ಮನಸ್ಸಿರಲಿಲ್ಲ. ಕಪ್ಪಿನಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಜೋಯ್ಲಿನಕ್ಕನಿಗೆ ಬೇಡ ಎಂದು ಹೇಳಿದವರು ಬಹ್ರೈನಿನಲ್ಲಿ ಯಾರೂ ಇಲ್ಲ.

"ಅದ್ಲಿಯಾದ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಇಂಗ್ಲೆಂಡಿನದ್ದಂತೆ. ಮತ್ತೆ, ಪೂಜೆಗೆ ಹರ್ಬರ್ಟ್ ಬರ್ತಾನೆ. ಸಿತ್ರಾದಲ್ಲಿ ಒಳ್ಳೆ ಕೆಲಸ. ಸುಮ್ನೆ ಎರಡು ಮಾತಾಡು, ಆಯ್ತಾ?"

ಪೆಟ್ಟಿಗೆ ತೆರೆದೆ. ಎಂ.ಎ.ಯಲ್ಲಿ ಕಲೆಯ ಇತಿಹಾಸ ಓದಿದ್ದು ಮೊದಲ ಸಲ ಉಪಯೋಗಕ್ಕೆ ಬಂತು. ಅದು ಸೆರಗಿಗೆ ಚುಚ್ಚುವ ಶೋಕದ ಬ್ರೋಚ್. ಹಿಂದೆ ಇಂಗ್ಲಿಷರು ಸತ್ತವರ ನೆನಪಿಗೆ ಧರಿಸುತ್ತಿದ್ದದ್ದು. ಸುತ್ತ ತನ್ನ ಬಾಲವನ್ನೇ ಕಚ್ಚಿದ ಚಿನ್ನದ ಹಾವು: ಕೊನೆಯಿಲ್ಲದ ಪ್ರೀತಿ. ಸಾಸಿವೆಯಷ್ಟು ಮುತ್ತುಗಳು: ಕಣ್ಣೀರು. ಗಾಜಿನಡಿ ಚಿತಾಭಸ್ಮದ ಪಾತ್ರೆಯ ಚಿತ್ರ, ಪಕ್ಕದಲ್ಲಿ ಹೆಣೆದ ಕೂದಲು. ಕೂದಲು ಸತ್ತವರದ್ದೇ. ನನ್ನ ಶೋಕ ಮುಗಿಸಲು ಅಕ್ಕ ಇನ್ಯಾರದೋ ಶೋಕವನ್ನು ಕೊಂಡು ತಂದಿದ್ದಳು.

"ಈ ಹಾವು ಎಂತಕ್ಕೆ?" ಅತ್ತೆ ಎಸ್ತರ್ ಕನ್ನಡಕ ಏರಿಸಿ ಬಗ್ಗಿದರು.

"ದೀರ್ಘಾಯುಷ್ಯಕ್ಕೆ, ಮಾಂಯ್," ಎಂದೆ.

"ಮುತ್ತು?"

"ಐಶ್ವರ್ಯ."

"ಈ ಮಡಕೆ?"

"ಹೂಕುಂಡ."

"ಹೂವೆಲ್ಲಿ?"

"ಒಣಗಿರಬೇಕು, ಮಮ್ಮಿ," ಎಂದಳು ಜೋಯ್ಲಿನ್. "ಅಷ್ಟು ಹಳೇದಕ್ಕೆ ನೀರು ಹಾಕುವವರು ಯಾರು?"

"ಒಳಗಿನದ್ದು?"

"ರೇಷ್ಮೆ ದಾರ," ಎಂದೆ. ಆಮೇಲೆ ಧೈರ್ಯ ಮಾಡಿದೆ. "ಆದರೆ ಅಕ್ಕಾ, ಹಸಿರಿನ ಮೇಲೆ ಮುತ್ತು ಕಾಣುವುದಿಲ್ಲ. ಇದಕ್ಕೆ ಕಪ್ಪೇ ಬೇಕು."

ಅಕ್ಕ ಬ್ರೋಚನ್ನು ಸೀರೆಯ ಮೇಲಿಟ್ಟಳು, ನನ್ನ ಭುಜದ ಮೇಲಿಟ್ಟಳು. ತಾನು ತಂದದ್ದು ಯಾರಿಗೂ ಕಾಣದೆ ಹೋಗುವುದು ಅವಳಿಗೆ ಸಹಿಸಲಾಗದ ಮಾತು. "ಹೌದು ಮಾರಾಯ್ತಿ. ಹಾಗಾದ್ರೆ ಇನ್ನು ಎಲ್ಲಿಗೆ ಹೋದ್ರೂ ಇದನ್ನು ಹಾಕು, ಕಪ್ಪಿನ ಮೇಲೆಯೇ ಹಾಕು. ಹರ್ಬರ್ಟನಿಗೂ ಕಣ್ಣಿಗೆ ಬೀಳ್ತದೆ." ಕಾರು ತೆಗೆಯಲು ಕೆಳಗಿಳಿದಳು.

ಬಾಗಿಲು ಮುಚ್ಚಿದ ಮೇಲೆ ಅತ್ತೆ ನನ್ನನ್ನು ನೋಡಿದರು.

"ರೇಷ್ಮೆಯಂತೆ! ಎರಡು ಮಕ್ಕಳ ತಲೆ ಬಾಚಿದವಳು ನಾನು. ಸತ್ತವರದ್ದಾ?"

"ಹೌದು."

"ತೆಗೀಲಿಕ್ಕೆ ಆಗ್ತದಾ?"

"ಹಿಂದೆ ಮುಚ್ಚಳ ಉಂಟು."

"ಮತ್ತೆ ಯಾರೋ ಗುರುತಿಲ್ಲದ ಇಂಗ್ಲಿಷರದ್ದು ನಮಗೆ ಎಂತಕ್ಕೆ? ಜೆಫ್ರಿದೇ ಹಾಕುವ."

"ಮಾಂಯ್, ಅವರ ತಲೆಯಲ್ಲಿ ಕೂದಲು ಎಲ್ಲಿತ್ತು?"

ಅತ್ತೆ ಸ್ವಲ್ಪ ಯೋಚಿಸಿದರು. "ಮೀಸೆ ಇತ್ತಲ್ಲ."

ಬಚ್ಚಲಿನಿಂದ ಜೆಫ್ರಿಯ ಟ್ರಿಮ್ಮರ್ ತಂದು ಟಿಶ್ಯೂ ಮೇಲೆ ಕುಟ್ಟಿದರು. ಕಾಳುಮೆಣಸಿನ ಪುಡಿಯಂತೆ ಒಂದು ಚಿಟಿಕೆ ಉದುರಿತು. ಕೆಳಗೆ ಜೋಯ್ಲಿನ್ ಹಾರ್ನ್ ಹೊಡೆಯುತ್ತಲೇ ಇದ್ದಳು. ನನಗೆ ನಗು ಬಂತು. ಅತ್ತೆ ಅಂಗೈ ಅಡ್ಡ ಹಿಡಿದರು.

"ಆಚೆ ತಿರುಗಿ ನಗು ಆನ್ಸಿ, ಹಾರಿಹೋದೀತು. ಇರುವುದೇ ಇಷ್ಟು."