ಬಾಗಿಲ ಪಕ್ಕದ ಗೆರೆ

ಮಳೆಗಾಲ ಮುಗಿದು ಅಂಗಳದ ಕೆಸರು ಒಣಗಿ ಬಿರುಕು ಬಿಟ್ಟಿದ್ದ ಒಂದು ಬೆಳಿಗ್ಗೆ, ಬಿಸಿಲು ಹೊಸಿಲು ಮುಟ್ಟುವ ಹೊತ್ತಿಗೆ ಸರ್ಕಾರಿ ಇಂಜಿನಿಯರ್ ಬಂದರು. ಎಲ್ಲ ಶುರುವಾದದ್ದು ಆವತ್ತು ಎಂದು ಮನೆಯವರು ಹೇಳುತ್ತಾರೆ. ನನ್ನನ್ನು ಕೇಳಿದರೆ ಅದಕ್ಕೂ ಇಪ್ಪತ್ತು ವರ್ಷ ಹಿಂದೆ, ಅಪ್ಪ ಪಾಲು ಮಾಡಿದ ದಿನವೇ ಶುರುವಾಗಿತ್ತು.

ಹೊಳೆ ತಿರುಗುವ ಕಡೆ, ದಡದ ಮೇಲೆ ಅಪ್ಪನದು ಎರಡು ಮನೆ. ಹಿರಿಯನೆಂದು ಮೊದಲು ಆರಿಸಿಕೊಳ್ಳಲು ನನಗೆ ಬಿಟ್ಟರು. ನಾನು ದೋಣಿ ನಡೆಸುವವನು. ದೋಣಿ ಕಟ್ಟುವ ಮೆಟ್ಟಿಲಿಗೆ ಹತ್ತಿರವೆಂದು ಕೆಳಗಿನ ಮನೆ ತೆಗೆದುಕೊಂಡೆ. ಮೇಲಿನದು ಟೈಲರ್ ತಮ್ಮನಿಗೆ ಹೋಯಿತು. ನಾಲ್ಕು ವರ್ಷಕ್ಕೆ ಸೇತುವೆ ಬಂತು, ನನ್ನ ದೋಣಿ ಅಂಗಳದಲ್ಲಿ ಬೋರಲು ಬಿತ್ತು. ಆ ಸೇತುವೆಯ ಮೇಲೆ ನಾನು ಕಾಲಿಡಲಿಲ್ಲ, ಮಗಳನ್ನು ಆಚೆ ದಡಕ್ಕೆ ಮದುವೆ ಮಾಡಿ ಕೊಟ್ಟ ಮೇಲೂ. ಆಚೆ ದಡದ ಜನ ಮಾತ್ರ ಅದನ್ನು ದಾಟಿ ಬಂದು ತಮ್ಮನ ಹತ್ತಿರ ಬಟ್ಟೆ ಹೊಲಿಸಿಕೊಂಡರು. ಅವನ ಮಿಷನ್ನಿನ ಸದ್ದು ನನ್ನ ಕಿಟಕಿಯಲ್ಲಿ ಬರುತ್ತಿತ್ತು. ಕಿಟಕಿ ಮುಚ್ಚಿದರೂ ಬರುತ್ತಿತ್ತು.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ರೂಢಿ. ನೆರೆ ಇಳಿದ ಮೇಲೆ, ಕೆಸರು ಬಾಚುವ ಮೊದಲು, ನೀರು ನಿಂತ ಎತ್ತರಕ್ಕೆ ಮನೆಯ ಯಜಮಾನ ಬಾಗಿಲ ಪಕ್ಕದ ಗೋಡೆಗೆ ಗೆರೆ ಎಳೆಯಬೇಕು. ತಮ್ಮ ಟೇಪು ಹಿಡಿದು ಅಳೆದು, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಲ್ಲಿ ಎಳೆದು, ಮೇಲೆ ಬಣ್ಣ ಹಚ್ಚುತ್ತಿದ್ದ. ನಾನು ದೋಣಿಯ ಮೊಳೆಯಿಂದ ಗೀಚುತ್ತಿದ್ದೆ. ಪಾಲಾದ ಮೇಲಿನ ಮೊದಲ ನೆರೆಯಲ್ಲಿ ಅವನ ಮನೆಯೊಳಗೆ ನೀರು ಮೊಣಕಾಲಿಗೆ ಬಂದರೆ ನಮ್ಮಲ್ಲಿ ಸೊಂಟಕ್ಕೆ ಬಂತು. ಹಿರಿಯ ಆರಿಸಿಕೊಂಡದ್ದು ತಗ್ಗಿನ ಮನೆ ಎಂದು ಜನ ನಗಬಾರದಲ್ಲ. ಅವನ ಗೆರೆಗಿಂತ ಒಂದು ಗೇಣು ಕೆಳಗೆ ಗೀಚಿ, ಕೆಸರಿನ ಕಲೆ ಕಾಣದಂತೆ ಗೋಡೆಗೆ ಸುಣ್ಣ ಬಳಿದೆ. ಆಮೇಲೆ ಅದೇ ಅಭ್ಯಾಸವಾಯಿತು. ಐದು ನೆರೆಗೆ ಐದು ಸುಳ್ಳು ಗೆರೆ. ಹೆಂಡತಿಗೆ ಗೊತ್ತಿತ್ತು. ಪ್ರತಿ ಸಲ ಅಕ್ಕಿ ಡಬ್ಬ ಅಟ್ಟಕ್ಕೆ ಏರಿಸುತ್ತಿದ್ದವಳೇ ಅವಳು.

ದಡ ಕೊಚ್ಚಿಹೋಗದಂತೆ ತಡೆಗೋಡೆ ಕಟ್ಟಲು ಸರ್ಕಾರ ಅನುದಾನ ಕೊಟ್ಟಿದೆ, ನೀರು ಹೆಚ್ಚು ಏರುವ ಮನೆಗಳಿಗೆ ಮೊದಲು ಎಂಬ ಮಾತು ಇಂಜಿನಿಯರ್ ಹೋದ ಮೇಲೆ ಗೊತ್ತಾದದ್ದು. ಆವತ್ತು ಅವರು ಗೋಡೆ ನೋಡಿ, ನಿಮ್ಮ ಮನೆ ತಗ್ಗಿನಲ್ಲಿದೆ, ಗೆರೆ ಹೇಗೆ ಇಷ್ಟು ಕೆಳಗಿದೆ ಎಂದು ಕೇಳಿದರು.

"ಪಾಯ ಎತ್ತರ ಸಾರ್. ನೀರು ನಮ್ಮನೆಗೆ ಮರ್ಯಾದೆ ಕೊಡುತ್ತೆ," ಎಂದೆ.

ತಮ್ಮ ಪಕ್ಕದಲ್ಲೇ ನಿಂತಿದ್ದ. ಅವನದಕ್ಕಿಂತ ನನ್ನದು ಕಡಿಮೆ ಎಂದು ಅವರು ಬರೆದುಕೊಂಡಾಗ, ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

ಎಂಬತ್ತು ಮೀಟರ್ ಮಂಜೂರಾಯಿತು. ತಂತಿ ಬಲೆಯಲ್ಲಿ ಕಲ್ಲು ತುಂಬಿ, ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಡೆ ಮೇಲಿನಿಂದ ಬಂದು ತಮ್ಮನ ಮನೆಯ ಬಟ್ಟೆ ಒಣಹಾಕುವ ಕಂಬದ ಹತ್ತಿರ ನಿಂತಿತು. ಅಲ್ಲಿಂದ ಆರು ಹೆಜ್ಜೆಗೆ ನನ್ನ ಅಂಗಳ. ಬೇಸಿಗೆಯುದ್ದಕ್ಕೂ ಕಲ್ಲಿನ ಮೇಲೆ ಕಲ್ಲು ಬೀಳುವ ಸದ್ದು ಕೇಳುತ್ತ ಊಟ ಮಾಡಿದೆ. ಒಂದು ಸಂಜೆ ತಮ್ಮನ ಹೆಂಡತಿ, "ಭಾವ, ಬಂದು ಗೋಡೆ ಮೇಲೆ ಕೂತ್ಕೊಳ್ಳಿ, ಗಾಳಿ ಚೆನ್ನಾಗಿ ಬರುತ್ತೆ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕರೆದಳು. ನನಗೆ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಮುಂದಿನ ಮಳೆಗಾಲದಲ್ಲಿ ಹೊಳೆ ಆ ಗೋಡೆಗೆ ಬಡಿದು, ಅದರ ತುದಿಯಲ್ಲಿ ಸುತ್ತು ತಿರುಗಿ, ನನ್ನ ಅಂಗಳವನ್ನು ತಿಂದಿತು. ಮೆಟ್ಟಿಲು ಹೋಯಿತು, ದೋಣಿ ಹೋಯಿತು. ನೀರಿಗೂ ಮನೆಗೂ ನಡುವೆ ಹತ್ತು ಅಡಿ ಮಣ್ಣು ಉಳಿಯಿತು.

ಇಂಜಿನಿಯರ್ ಮತ್ತೆ ಬಂದರು. ಉಳಿದ ಹಣದಲ್ಲಿ ಹನ್ನೆರಡು ಮೀಟರ್ ಆಗುತ್ತದೆ, ಆದರೆ ಕಾಗದದಲ್ಲಿ ನಿಮ್ಮ ಮನೆಗೆ ನೀರೇ ಬರುವುದಿಲ್ಲ ಎನ್ನುವ ಹಾಗಿದೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಮುಂದೆ ಬಂದ.

"ಅಣ್ಣನ ಗೆರೆ ತಪ್ಪು ಸಾರ್. ನಮ್ಮನೇಲಿ ಮೊಣಕಾಲಾದ್ರೆ ಅಣ್ಣನ ಮನೇಲಿ ಸೊಂಟ. ಅತ್ತಿಗೇನ ನಾನೇ ಕೈ ಹಿಡಿದು ಆಚೆ ಕರ್ಕೊಂಡು ಬಂದಿದ್ದೀನಿ."

ಅಂದರೆ ಅವನಿಗೆ ಮೊದಲಿನಿಂದ ಗೊತ್ತಿತ್ತು. ಐದು ನೆರೆ, ನನ್ನ ಮುಖ ಉಳಿಸಲು ಸುಮ್ಮನಿದ್ದ. ಅದನ್ನೂ ನನಗಿಂತ ಚೆನ್ನಾಗಿಯೇ ಮಾಡಿದ್ದ.

"ಹೌದಾ ಯಜಮಾನ್ರೇ? ನೀವು ಹೂಂ ಅಂದ್ರೆ ಸಾಕು, ಬರ್ಕೋತೀನಿ," ಎಂದರು ಇಂಜಿನಿಯರ್.

ಹೂಂ ಎಂದರೆ ಮನೆ ಉಳಿಯುತ್ತಿತ್ತು. ಆದರೆ ಅವನು ಕೊಡಿಸಿದ ಗೋಡೆಯ ಹಿಂದೆ ದಿನಾ ಬೆಳಿಗ್ಗೆ ಏಳಬೇಕಿತ್ತು.

"ಅವನು ಅಳೆಯೋದು ಊರವರ ಸೊಂಟ," ಎಂದೆ. "ನಮ್ಮನೆ ಗೆರೆ ನನಗೆ ಗೊತ್ತು."

ಜೊತೆಗಿದ್ದ ಕೆಲಸದವರು ನಕ್ಕರು. ತಮ್ಮ ನಗಲಿಲ್ಲ. ಕೊರಳಲ್ಲಿದ್ದ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಒಳಗೆ ಹೋದ. ಆ ಹನ್ನೆರಡು ಮೀಟರ್ ಸೇತುವೆಯ ಬುಡಕ್ಕೆ ಹೋಯಿತು.

ಮರುವರ್ಷ ಮಳೆ ಅಂಥ ಜೋರೇನೂ ಇರಲಿಲ್ಲ. ಹೊಳೆಗೆ ಜೋರು ಬೇಕಾಗಿಯೂ ಇರಲಿಲ್ಲ. ಭಾನುವಾರ ಅಡುಗೆಮನೆಯ ಮೂಲೆ ಬಿರಿಯಿತು. ಮಂಗಳವಾರ ಹೆಂಡತಿ ಅಕ್ಕಿ ಡಬ್ಬ ಅಟ್ಟಕ್ಕೆ ಏರಿಸಲಿಲ್ಲ, ಸೊಂಟದ ಮೇಲಿಟ್ಟುಕೊಂಡು ಹೊಸಿಲು ದಾಟಿದಳು.

"ಒಂದು ಹೂಂಗೆ ಎಷ್ಟು ಖರ್ಚಾಗ್ತಿತ್ತು ನಿಮಗೆ?" ಎಂದಳು. ಉತ್ತರಕ್ಕೆ ನಿಲ್ಲದೆ ತಮ್ಮನ ಮನೆಗೆ ನಡೆದಳು. ಈಗಲೂ ಅಲ್ಲೇ ಇದ್ದಾಳೆ, ಕಾಜಾ ಗುಂಡಿ ಹಾಕುತ್ತಾಳಂತೆ.

ಗುರುವಾರ ಮಧ್ಯಾಹ್ನ ಮುಂದಿನ ಗೋಡೆ ಬಿತ್ತು, ಐದೂ ಗೆರೆಗಳ ಸಮೇತ. ತಮ್ಮ ತನ್ನ ಕಲ್ಲುಗೋಡೆಯ ತುದಿಯಲ್ಲಿ ನಿಂತು ಕೈ ಚಾಚಿ, "ಬಾ ಅಣ್ಣ," ಎಂದ. ನಾನು ಆ ಕೈಯನ್ನಲ್ಲ, ಅದರ ಕೆಳಗಿನ ಕಲ್ಲುಗಳನ್ನು ನೋಡುತ್ತಿದ್ದೆ. ಒಂದೂ ಅಲುಗಿರಲಿಲ್ಲ.

ಉಳಿದ ಹಿಂದಿನ ಕೋಣೆಯಲ್ಲಿ ಒಂದು ರಾತ್ರಿ ತಳ್ಳಿದೆ. ಶುಕ್ರವಾರ ಸೇತುವೆಯ ಮೇಲೆ ನಡೆದು, ಆಚೆ ದಡದ ಮಗಳ ಮನೆಗೆ ಹೊರಟೆ.